ಎರಡನೆಯ ಕೋವಿ ಕೊಳ್ಳುವ ಮುನ್ನ

ತೋಟಕ್ಕೆ ಕಾಡುಹಂದಿಯ ಕಾಟ ಹೆಚ್ಚಿದಂತೆ, ಮನೆಯ ಕೋವಿಯ ಜತೆಗೆ ಸೆಮಿ ಆಟೋಮ್ಯಾಟಿಕ್ ರೈಫಲ್ ಒಂದನ್ನು ಕೊಳ್ಳಬಹುದೇ ಎಂದು ಮೊಗ್ರಾಲಿನ ಕೃಷಿಕ ಸದಸ್ಯರು ಕೇಳುವುದುಂಟು. ಕೈಯಲ್ಲಿರುವ ಹಣ ಕಡಿಮೆಯಾದರೆ ಅವಸರ ಬೇಡವೆನ್ನುತ್ತೇವೆ.

ಲೆಕ್ಕ: 1959ರ ಆಯುಧ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ಒಬ್ಬರು ಇರಿಸಿಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಅಜ್ಜನ ಕೋವಿ ನಿಮ್ಮ ಹೆಸರಿಗೆ ಆಗಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಎರಡನೆಯದೇ ಕೊನೆಯದು.

ಆಯ್ಕೆ: .303 ಮತ್ತು 7.62 ಮಿ.ಮೀ. ಸೇನಾ ತೋಟೆ ಹಾರಿಸುವ ರೈಫಲ್‌ಗಳು ನಿಷೇಧಿತ ವರ್ಗದವು. ಬೇರೆ ಸೆಮಿ ಆಟೋಮ್ಯಾಟಿಕ್ ಆದರೂ ಯಾವ ವರ್ಗದ್ದೆಂದು ಕಲೆಕ್ಟರ್ ಕಚೇರಿಯಲ್ಲಿ ಕೇಳದೆ ಮುಂಗಡ ಕೊಡಬೇಡಿ. ಎರಡನೇ ಗುಂಡು ತಕ್ಷಣ ಬೇಕೆಂಬುದಷ್ಟೇ ಕಾರಣವಾದರೆ 12 ಬೋರಿನ ಜೋಡುನಳಿಗೆ ಸಾಕು. ಹಳೆಯದೂ 12 ಬೋರ್ ಆಗಿದ್ದರೆ ಒಂದೇ ಬಗೆಯ ತೋಟೆ ಕೊಂಡರಾಯಿತು. ಆದರೆ ಹಳೆಯ ಕೋವಿಗೆ 65 ಮಿ.ಮೀ. ತೋಟೆಯೋ 70 ಮಿ.ಮೀ.ಯದೋ ಎಂದು ಮೊದಲು ನೋಡಿಸಿ.

ಸುರಕ್ಷೆ: .22 ರೈಫಲಿನ ಸಣ್ಣ ಗುಂಡು ಕೂಡ ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ತೆಂಗಿನ ತೋಟದಾಚೆಗೇ ನೆರೆಮನೆ ಇರುವ ಊರಿಗೆ ರೈಫಲ್ ಹೇಳಿದ್ದಲ್ಲ.

ಅನುಮತಿ: ಪರವಾನಗಿ ಕೋವಿ ಇರಿಸಿಕೊಳ್ಳಲು ಮಾತ್ರ, ಹಂದಿ ಕೊಲ್ಲಲು ಅಲ್ಲ. ಕೇರಳ ಸರಕಾರ 2022ರಲ್ಲಿ ಆ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟಿದೆ. ಅವರ ಆದೇಶ ಮೊದಲು ಕೈಯಲ್ಲಿರಲಿ.

ಉಳಿದ ಹಣದಲ್ಲಿ ಬೀಗವಿರುವ ಕಬ್ಬಿಣದ ಕಪಾಟು ಕೊಳ್ಳಿ. ಮಕ್ಕಳಿರುವ ಮನೆಗೆ ಎರಡನೆಯ ಕೋವಿಗಿಂತ ಅದೇ ಮೊದಲು ಬೇಕಾದದ್ದು.