ಗಾಂಜಾ ಬೆಳೆಗಾರರ ಸಹಕಾರ ಸಂಘ

ಗದಗ ಸೀಮೆಯ ಹತ್ತಿ ಮಾರಾಟ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸಹಕಾರದ ಇತಿಹಾಸವೆಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಣಗಿನಹಾಳ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ದೇಶದ ಮೊದಮೊದಲ ಪತ್ತಿನ ಸಂಘಗಳಲ್ಲಿ ಒಂದನ್ನು ಕಟ್ಟಿದರು. 1915ರಲ್ಲಿ ಹುಬ್ಬಳ್ಳಿಯ ಹತ್ತಿ ಮಾರಾಟ ಸಂಘ, ಅದರ ಬೆನ್ನಿಗೇ ಗದಗಿನದು. ಇದೇ ಸಾಲಿಗೆ ಸೇರಬೇಕಾದ ಇನ್ನೊಂದು ಸಂಘವಿತ್ತು. ಅದರ ಹೆಸರನ್ನು ನಮ್ಮ ಸಹಕಾರ ತರಬೇತಿಗಳಲ್ಲಿ ಯಾರೂ ಎತ್ತಲಿಲ್ಲ. 1917ರಲ್ಲಿ ಬಂಗಾಳದ ನೌಗಾಂವ್‌ನಲ್ಲಿ ಹುಟ್ಟಿದ ಗಾಂಜಾ ಬೆಳೆಗಾರರ ಸಹಕಾರ ಸಂಘ ಅದು.

ಆ ಸಂಘದ ಮಾತು ಈಗ ಎತ್ತಲು ಕಾರಣವಿದೆ. 2018ರಲ್ಲಿ ಉತ್ತರಾಖಂಡ ಸರ್ಕಾರ ನಾರು, ಬೀಜಗಳ ಉದ್ಯಮಕ್ಕಾಗಿ ಭಂಗಿ, ಅಂದರೆ ಗಾಂಜಾ ಜಾತಿಯದೇ ಗಿಡ, ಬೆಳೆಯಲು ಪರವಾನಗಿ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಹಿಮಾಚಲದ ವಿಧಾನಸಭೆ, ಔಷಧ ಮತ್ತು ಉದ್ಯಮಕ್ಕೆ ಈ ಬೆಳೆ ತೆಗೆಯಬಹುದೆಂಬ ಸಮಿತಿಯ ವರದಿಯನ್ನು ಒಪ್ಪಿಕೊಂಡಿತು. ಗುಡ್ಡಗಾಡಿನ ರೈತರಿಗೆ ಆದಾಯ, ಹುಡುಗರಿಗೆ ಊರಲ್ಲೇ ಕೆಲಸ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಅದು ನಿಜವಾಗಲಿ ಎಂದು ನಾನೂ ಬಯಸುತ್ತೇನೆ. ಆದರೆ ಎರಡೆಕರೆಯವನ ಕೈಗೆ ಅದರಲ್ಲಿ ಎಷ್ಟು ಬರುತ್ತದೆ ಎನ್ನುವುದು ಬೆಳೆಯ ಮೇಲಲ್ಲ, ಪರವಾನಗಿ ಯಾರ ಹೆಸರಲ್ಲಿದೆ, ಮಳಿಗೆಯ ಕೀಲಿ ಯಾರ ಹತ್ತಿರ ಇದೆ ಎನ್ನುವುದರ ಮೇಲೆ ನಿಂತಿದೆ. ನೌಗಾಂವ್‌ನವರು ಇದನ್ನು ನೂರು ವರ್ಷದ ಹಿಂದೆಯೇ ಅನುಭವಿಸಿ ಕಲಿತರು.

ರಾಜಶಾಹಿ, ದಿನಾಜಪುರ, ಬೋಗ್ರಾ ಜಿಲ್ಲೆಗಳು ಕೂಡುವ ಕಡೆ ಒಂದು ಸಣ್ಣ ಪ್ರದೇಶಕ್ಕೆ ಗಾಂಜಾ ಮಹಲ್ ಎಂದು ಹೆಸರು. ಅದರ ನಡುವಿನ ಊರು ನೌಗಾಂವ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳದಲ್ಲಿ ಗಾಂಜಾ ಬೆಳೆಯಲು ಪರವಾನಗಿ ಇದ್ದದ್ದು ಇಲ್ಲಿಯವರಿಗೆ ಮಾತ್ರ. 1877ರಲ್ಲಿ ಅಧಿಕಾರಿ ಹೇಮಚಂದ್ರ ಕೇರ್, 1893ರಲ್ಲಿ ಸಸ್ಯವಿಜ್ಞಾನಿ ಡೇವಿಡ್ ಪ್ರೈನ್ ಈ ಬೇಸಾಯದ ಬಗ್ಗೆ ಸರ್ಕಾರಕ್ಕೆ ವರದಿ ಬರೆದರು. ಅವರು ಕಂಡ ಬೇಸಾಯ ಬಲು ನಾಜೂಕಿನದು. ಎತ್ತರದ ನೆಲದಲ್ಲಿ ಆಗಸ್ಟಿನಲ್ಲಿ ಸಸಿಮಡಿ, ಸೆಪ್ಟೆಂಬರಿನಲ್ಲಿ ನಾಟಿ. ಗಿಡ ಹೂವಿಗೆ ಬರುವ ಹೊತ್ತಿಗೆ ಪೊದ್ದಾರ ಎಂಬ ಕಸುಬುದಾರ ಹೊಲಕ್ಕೆ ಬರುತ್ತಿದ್ದ. ಸಾಲು ಸಾಲಾಗಿ ನಡೆದು, ಮೊಗ್ಗು ಬಿರಿಯುವ ಮುಂಚೆಯೇ ಗಂಡು ಗಿಡ ಯಾವುದೆಂದು ಗುರುತಿಸಿಕೊಡುವುದು ಅವನ ಕೆಲಸ. ಅವನು ತೋರಿಸಿದ್ದನ್ನು ಕಿತ್ತು ಒಗೆಯಬೇಕು. ಕೆಲವೇ ಗಂಡು ಗಿಡ ಉಳಿದರೂ ಹೆಣ್ಣು ಗಿಡಗಳೆಲ್ಲ ಬೀಜ ಕಟ್ಟಿ, ವರ್ಷದ ದುಡಿಮೆ ಮಣ್ಣುಪಾಲು. ಗಿಡದ ಗೆಣ್ಣು ನೋಡಿ ಭೇದ ಹೇಳುವ ಆ ಕಣ್ಣೇ ಒಬ್ಬನ ಜೀವನೋಪಾಯವಾಗಿತ್ತು.

ಚಳಿಗಾಲ ಮುಗಿಯುತ್ತಾ ಕೊಯ್ಲು. ಕೊಯ್ದದ್ದನ್ನು ಚಾತರ ಎಂಬ ಬಯಲ ಕಣಕ್ಕೆ ಹೊತ್ತು ತಂದು, ತೆನೆ ಒಳಮುಖವಾಗಿ ದುಂಡಗೆ ಹರಡುತ್ತಿದ್ದರು. ಆಳುಗಳು ಅದರ ಮೇಲೆ ಸುತ್ತುತ್ತಾ ಬರಿಗಾಲಲ್ಲಿ ತುಳಿಯುತ್ತಿದ್ದರು. ಅಂಟು ಹೊಮ್ಮಿ ತೆನೆಗಳು ಒಂದಕ್ಕೊಂದು ಕೂಡಿಕೊಂಡರೆ ಅದು ಚಪ್ಪಟೆ ಗಾಂಜಾ. ಕಾಲಡಿ ಹೊರಳಿಸಿ ಮಾಡಿದ್ದು ಗುಂಡು ಗಾಂಜಾ. ಉದುರಿದ್ದು ಚೂರು. ಕಣದ ಸುತ್ತ ಅಬಕಾರಿ ಕಾವಲು. ಅಲ್ಲಿಂದ ಎಲ್ಲವೂ ನೌಗಾಂವ್‌ನ ಗೋಲಾಕ್ಕೆ, ಅಂದರೆ ಸರ್ಕಾರದ ಉಸ್ತುವಾರಿಯ ಮಳಿಗೆಗೆ ಹೋಗಬೇಕು. ತೂಕದ ಮೇಲಿನ ಸುಂಕವನ್ನು ಕಟ್ಟುತ್ತಿದ್ದದ್ದು ಮಳಿಗೆಯಿಂದ ಸರಕು ಒಯ್ಯುವ ಅಂಗಡಿಯವನು, ಬೆಳೆದವನಲ್ಲ. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ಭಾರತೀಯ ಭಂಗಿ ಮಾದಕಗಳ ಆಯೋಗ ಹುಟ್ಟಿತು. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. 1193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಕೊಟ್ಟ ವರದಿ, ಮಿತವಾಗಿ ಬಳಸಿದರೆ ಗಣನೀಯ ಕೆಡುಕಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದಿತು. ಈ ಮಾತನ್ನು ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ವರದಿಯ ಇನ್ನೊಂದು ಸಲಹೆಯನ್ನು ಹೇಳುವವರು ಕಡಿಮೆ. ಬಂಗಾಳದ ಮಾದರಿಯಲ್ಲಿ ಬೆಳೆಯನ್ನು ಪರವಾನಗಿಯಡಿ ತಂದು, ಕಾವಲಿಗೆ ಅನುಕೂಲವಾಗುವಂತೆ ಸಣ್ಣ ಪ್ರದೇಶಗಳಿಗೆ ಸೀಮಿತಗೊಳಿಸಬೇಕು ಎಂದೂ ಆಯೋಗ ಹೇಳಿತ್ತು. ಮಧ್ಯಪ್ರಾಂತದಲ್ಲಿ ಖಂಡ್ವಾ, ಮದ್ರಾಸ್ ಪ್ರಾಂತದಲ್ಲಿ ಕೃಷ್ಣಾ ಜಿಲ್ಲೆಯ ಕೆಲವು ಹಳ್ಳಿಗಳು ಇಂಥ ಕೇಂದ್ರಗಳಾಗಿದ್ದವು. ಗೆರೆಯ ಒಳಗಿನ ರೈತನಿಗೆ ಅದು ಕಾನೂನುಬದ್ಧ ಬೆಳೆ. ಹೊರಗೆ ಅದೇ ಗಿಡ ಬೆಳೆದವನು ಅಪರಾಧಿ. ಗೆರೆ ಎಳೆದದ್ದು ಅಬಕಾರಿ ಇಲಾಖೆಯ ಅನುಕೂಲಕ್ಕೆ.

ಗೆರೆಯ ಒಳಗಿದ್ದವರೂ ಸುಖವಾಗಿರಲಿಲ್ಲ. ಬೆಳೆಗಾರರಲ್ಲಿ ಹೆಚ್ಚಿನವರು ಬಡ ಮುಸ್ಲಿಂ ರೈತರು. ಬಿತ್ತನೆಗೆ ಸಾಲ, ಪೊದ್ದಾರನಿಗೆ ಕೂಲಿ, ಕಣದ ಆಳುಗಳಿಗೆ ಕೂಲಿ, ಎಲ್ಲವೂ ಮುಂಗಡದ ಮೇಲೆ. ಮಾಲು ಕೊಳ್ಳುವವರು ಪರವಾನಗಿ ಪಡೆದ ಕೆಲವೇ ಸಗಟು ವ್ಯಾಪಾರಿಗಳು, ನಡುವೆ ದಲಾಲಿಗಳು. ಬೇರೆ ಕಡೆ ಮಾರಲು ಕಾನೂನು ಬಿಡುವುದಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಲೂ ಬಿಡುವುದಿಲ್ಲ. ಹತ್ತಿ ಬೆಳೆದು ಅಡತಿ ಅಂಗಡಿಯಲ್ಲಿ ಸೂಟಿನ ಹೆಸರಲ್ಲಿ ತೂಕ ಮುರಿಸಿಕೊಂಡು ಬಂದ ನಮ್ಮ ಹಿರಿಯರಿಗೆ ಆ ಸಂಕಟ ಚೆನ್ನಾಗಿ ಗೊತ್ತಿತ್ತು. ಆದರೂ ನಮ್ಮವರು ಹೇಳಿದ ದರ ಒಗ್ಗದಿದ್ದರೆ ಚಕ್ಕಡಿ ತಿರುಗಿಸಿಕೊಂಡು ಮನೆಗೆ ಬರಬಹುದಿತ್ತು. ಗಾಂಜಾ ಬೆಳೆದವನಿಗೆ ಆ ದಾರಿಯೂ ಇರಲಿಲ್ಲ.

1904ರ ಕಾಯ್ದೆ ಪತ್ತಿನ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. 1912ರ ಕಾಯ್ದೆ ಬಂದ ಮೇಲೆ ಮಾರಾಟಕ್ಕೂ ಸಂಘ ಕಟ್ಟಬಹುದಾಯಿತು. ಹುಬ್ಬಳ್ಳಿಯ ಹತ್ತಿ ಸಂಘ ಹುಟ್ಟಿದ್ದು ಆ ಕಾಯ್ದೆಯಿಂದ, ನೌಗಾಂವ್‌ನ ಸಂಘ ಹುಟ್ಟಿದ್ದೂ ಅದರಿಂದಲೇ. ಬೆಳೆಗಾರರೇ ಷೇರುದಾರರು. ಮಾಲೆಲ್ಲ ಸಂಘಕ್ಕೆ, ಮಾರಾಟವೆಲ್ಲ ಸಂಘದಿಂದ. ನಡುವಿನ ದಲಾಲಿ ಹೋದ. ಲಾಭದಲ್ಲಿ ಶಾಲೆಗಳು ನಡೆದವು, ಔಷಧಾಲಯಗಳು ಎದ್ದವು, ದನಕರುಗಳ ಚಿಕಿತ್ಸೆಗೆ ಏರ್ಪಾಡಾಯಿತು, ರಸ್ತೆಯಾಯಿತು, ಮಸೀದಿಗೂ ದೇವಸ್ಥಾನಕ್ಕೂ ಹಣ ಹೋಯಿತು. ಕಾನೂನು ಕೊಟ್ಟ ಏಕಸ್ವಾಮ್ಯ ಮೊದಲಿನಿಂದಲೂ ಇತ್ತು. ಅದು ವ್ಯಾಪಾರಿಯ ಕೈಯಿಂದ ಬೆಳೆದವನ ಕೈಗೆ ಬಂದದ್ದಷ್ಟೇ ಹೊಸದು. ಊರು ಬದಲಾಗಲು ಅಷ್ಟು ಸಾಕಾಯಿತು.

1947ರಲ್ಲಿ ನೌಗಾಂವ್ ಪೂರ್ವ ಪಾಕಿಸ್ತಾನಕ್ಕೆ ಸೇರಿತು, ಕಲ್ಕತ್ತೆ ಪರದೇಶವಾಯಿತು. 1961ರ ಅಂತರರಾಷ್ಟ್ರೀಯ ಒಪ್ಪಂದ, ಗಾಂಜಾ ಬಳಕೆ ರೂಢಿಯಲ್ಲಿದ್ದ ದೇಶಗಳಿಗೆ ಅದನ್ನು ನಿಲ್ಲಿಸಲು 25 ವರ್ಷಗಳ ಗಡುವು ಕೊಟ್ಟಿತು. 1980ರ ದಶಕದಲ್ಲಿ ಬಾಂಗ್ಲಾದೇಶ ಈ ಬೇಸಾಯವನ್ನು ಮುಗಿಸಿತು. ಪೊದ್ದಾರನ ವಿದ್ಯೆಗೆ, ಕಣದ ಆಳಿಗೆ, ಗೋಲಾದ ತೂಕದವನಿಗೆ ಒಟ್ಟಿಗೇ ಕೆಲಸ ಹೋಯಿತು.

ನಮ್ಮಲ್ಲಿ ಮಾದಕ ವಸ್ತು ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರಿನಲ್ಲಿ. ಪರವಾನಗಿಯಿಲ್ಲದೆ ಬೆಳೆದವನಿಗೆ ಇವತ್ತು 10 ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿವರೆಗೆ ದಂಡ. ತೊಗರಿ, ಮೆಕ್ಕೆಜೋಳದ ಸಾಲಿನ ನಡುವೆ ಗಿಡ ಬೆಳೆದು ಸಿಕ್ಕಿಬಿದ್ದ ರೈತರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕೊಂಡು ಸಾಗಿಸುವ ದೊಡ್ಡ ಕುಳದ ಹೆಸರು ಅದರಲ್ಲಿ ಅಪರೂಪ. ಅದೇ ಕಾಯ್ದೆಯ 10 ಮತ್ತು 14ನೇ ಕಲಮುಗಳು ಪರವಾನಗಿ ಕೊಡುವ ಅಧಿಕಾರವನ್ನು ಸರ್ಕಾರಗಳಿಗೆ ಉಳಿಸಿವೆ. ಉತ್ತರಾಖಂಡ, ಹಿಮಾಚಲಗಳು ಹೊರಟಿರುವುದು ಆ ದಾರಿಯಲ್ಲೇ.

ಪರವಾನಗಿಯ ದಾರಿ ಎಲ್ಲಿ ಎಡವಬಹುದು ಎನ್ನುವುದಕ್ಕೆ ಹೊರದೇಶದ ಒಂದು ಉದಾಹರಣೆ ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2016ರ ನವೆಂಬರಿನಲ್ಲಿ ಜನ ಮತ ಹಾಕಿ ಗಾಂಜಾವನ್ನು ಕಾನೂನುಬದ್ಧ ಮಾಡಿದರು. ಮೊದಲ ಐದು ವರ್ಷ ದೊಡ್ಡ ತೋಟಗಳಿಗೆ ಪರವಾನಗಿ ಇಲ್ಲ ಎಂದು ಸಣ್ಣ ಬೆಳೆಗಾರರಿಗೆ ಮಾತು ಕೊಡಲಾಗಿತ್ತು. 2017ರಲ್ಲಿ ನಿಯಮ ಬರೆಯುವಾಗ ಒಬ್ಬನೇ ಎಷ್ಟು ಸಣ್ಣ ಪರವಾನಗಿಗಳನ್ನಾದರೂ ಕೂಡಿಹಾಕಲು ದಾರಿ ಬಿಟ್ಟರು, ಮಾತು ಅಲ್ಲಿಗೆ ಮುಗಿಯಿತು. ಮೇಲೆ ಔನ್ಸಿಗೆ 9.25 ಡಾಲರ್ ಬೇಸಾಯ ತೆರಿಗೆ. ನೌಗಾಂವ್‌ನಲ್ಲಿ ಅಂಗಡಿಯವನು ಕಟ್ಟುತ್ತಿದ್ದ ತೂಕದ ಸುಂಕವನ್ನು ಇಲ್ಲಿ ಬೆಳೆದವನ ತಲೆಗೆ ಹೊರಿಸಿದರು. 2021ರಲ್ಲಿ ಸಗಟು ಬೆಲೆ ಕುಸಿದಾಗಲೂ ಆ ತೆರಿಗೆ ಇಳಿಯಲಿಲ್ಲ. 2022ರ ಜುಲೈನಲ್ಲಿ ಅದನ್ನು ತೆಗೆದುಹಾಕುವ ಹೊತ್ತಿಗೆ ಹಂಬೋಲ್ಟ್ ಸೀಮೆಯ ಗುಡ್ಡಗಳಲ್ಲಿ ಎಷ್ಟೋ ಕುಟುಂಬಗಳು ಬೇಸಾಯ ಬಿಟ್ಟಾಗಿತ್ತು. ಸುಗ್ಗಿಯಲ್ಲಿ ಹೂವು ಕತ್ತರಿಸಲು ಬರುತ್ತಿದ್ದ ಕೂಲಿಯವರಿಗೂ ಕೆಲಸ ಇಲ್ಲವಾಯಿತು.

ಇನ್ನು ನಮ್ಮ ಉತ್ತರಾಖಂಡಕ್ಕೆ ಬಂದರೆ, ಅಲ್ಲಿಯ ನಿಯಮದಂತೆ ಗಿಡದಲ್ಲಿ ಮತ್ತು ಬರಿಸುವ ಅಂಶ ಶೇ 0.3 ದಾಟಕೂಡದು. ಭಂಗಿ ಬೀಜದ ಚಟ್ನಿ ಅರೆಯುತ್ತ, ಅದರ ನಾರಿನಿಂದ ಬಟ್ಟೆ ನೇಯುತ್ತ ಬಂದ ಕುಮಾಊಂ ಕಡೆಯ ರೈತ ಆ ಅಂಶವನ್ನು ಯಾವ ಪ್ರಯೋಗಾಲಯದಲ್ಲಿ, ಯಾರ ಖರ್ಚಿನಲ್ಲಿ ಅಳೆಸಬೇಕು? ಬೀಜ ಕೊಟ್ಟ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕುವುದಷ್ಟೇ ಅವನಿಗೆ ಉಳಿಯುವ ದಾರಿ. ನೌಗಾಂವ್‌ನ ಸಗಟು ವ್ಯಾಪಾರಿಯ ಜಾಗಕ್ಕೆ ಆಗ ಕಂಪನಿ ಬಂದು ಕೂರುತ್ತದೆ.

ನಿಯಮ ಬರೆಯಲು ಕೂತಿರುವ ಅಧಿಕಾರಿಗಳಲ್ಲಿ, ನಾಳೆ ಕರ್ನಾಟಕದಲ್ಲೂ ಈ ಮಾತು ಬಂದರೆ ಇಲ್ಲಿಯ ಶಾಸಕರಲ್ಲಿ, ಹತ್ತಿ ಸಂಘದ ಹಳೆಯ ಕಾರ್ಯದರ್ಶಿಯ ಬಿನ್ನಹವಿಷ್ಟೇ. ಪರವಾನಗಿಯನ್ನು ಬೆಳೆಗಾರರ ಸಂಘದ ಹೆಸರಿಗೆ ಕೊಡಿ. ಒಬ್ಬನಿಗೆ ಇಷ್ಟೇ ಎಕರೆ ಎಂಬ ಮಿತಿಯನ್ನು ಕಾಯ್ದೆಯಲ್ಲೇ ಬರೆಯಿರಿ, ನಿಯಮಕ್ಕೆ ಬಿಡಬೇಡಿ. ಪರೀಕ್ಷೆಯ ಖರ್ಚು ಸರ್ಕಾರದ್ದಿರಲಿ, ಸುಂಕ ಅಂಗಡಿಯವನ ಮೇಲಿರಲಿ. ಮೊದಲ ಪರವಾನಗಿಗೆ ಸಹಿ ಬೀಳುವ ಮುಂಚೆ ನೌಗಾಂವ್ ಸಂಘದ ಕಥೆಯನ್ನು ಒಮ್ಮೆ ತರಿಸಿ ಓದಿ.