ಊರ ಕರೆಂಟು ನಡೆದು ಬಂದ ದಾರಿ



ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಕರೆಂಟಿನ ಚರಿತ್ರೆಯನ್ನು ಸ್ವಲ್ಪ ನೆನೆಯುವುದು ಸೂಕ್ತವೆಂದು ಭಾವಿಸಿದ್ದೇವೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮುಂದೆ ನಮ್ಮ ಮುನಿರಾಬಾದಿನಲ್ಲಿಯೂ ತುಂಗಭದ್ರೆಯ ನೀರಿನಿಂದ ವಿದ್ಯುತ್ ತಯಾರಾಯಿತು. ಆದರೆ ಕಾಲುವೆ ಮುಟ್ಟದ ಹೊಲಕ್ಕೆ ಬೋರೇ ಆಸರೆ, ಬೋರಿಗೆ ಕರೆಂಟೇ ಜೀವ.

ಕರೆಂಟು ಬಂದರಷ್ಟೇ ಸಾಲದು, ಸರಿಯಾಗಿ ಬರಬೇಕು. ಮನೆಗೆ 230 ವೋಲ್ಟ್, ಸೆಕೆಂಡಿಗೆ 50 ಆವರ್ತನ ಇರಬೇಕೆಂಬುದು ಲೆಕ್ಕ. ಒಂದೇ ಟಿ.ಸಿ. ಮೇಲೆ ಹತ್ತಾರು ಮೋಟರು ಒಮ್ಮೆಲೇ ಚಾಲೂ ಆದರೆ ವೋಲ್ಟೇಜ್ ಕುಸಿಯುತ್ತದೆ. ಆಗ ಮೋಟರು ಹೆಚ್ಚು ಆಂಪಿಯರ್ ಎಳೆದು ಕಾಯ್ದು, ವೈಂಡಿಂಗ್ ಸುಟ್ಟುಹೋಗುತ್ತದೆ. ಬೆಳೆ ಒಣಗುವುದೂ ಆಗಲೇ.

ಊರೇ ತನ್ನ ಕರೆಂಟು ಮಾಡಿಕೊಳ್ಳುವ ಸಣ್ಣ ಜಾಲಕ್ಕೆ ಮೈಕ್ರೋಗ್ರಿಡ್ ಅಂತಾರೆ. ಇದು ನಮ್ಮ ನಾಡಿಗೆ ಹೊಸದಲ್ಲ. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆಯ ಅನಿಲದಿಂದ ಎಂಜಿನ್ ಓಡಿಸಿ ದೀಪ ಬೆಳಗಿಸಿದರು. ನಂತರ ಕುಡಿಯುವ ನೀರು, ಹಿಟ್ಟಿನ ಗಿರಣಿಯೂ ಅದರಿಂದ ನಡೆದವು. ಇಂಥ ಎಂಜಿನ್ ಓಟ ತಗ್ಗಿದರೆ ಆವರ್ತನವೂ ತಗ್ಗುತ್ತದೆ.

ಸೂರ್ಯಫಲಕದಲ್ಲಿ ತಿರುಗುವ ಭಾಗವೇ ಇಲ್ಲ. ಅದು ಕೊಡುವುದು ಡಿ.ಸಿ. ಅದನ್ನು ಎ.ಸಿ. ಮಾಡುವುದು ಇನ್ವರ್ಟರ್. ಹಳೆಯ ಅಗ್ಗದ ಇನ್ವರ್ಟರುಗಳ ಅಲೆ ಚೌಕಾಕಾರವಾಗಿದ್ದು ಫ್ಯಾನು ಗುಂಯ್‌ಗುಡುತ್ತಿತ್ತು, ಮೋಟರು ಕಾಯುತ್ತಿತ್ತು. ಈಗಿನವು ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಮಾಡಿ ನಯವಾದ ಅಲೆ ಕೊಡುತ್ತವೆ. ಮೋಟರಿಗೆ ಬೇಕಾದ ರಿಯಾಕ್ಟಿವ್ ಪವರನ್ನು, ಕೆಪ್ಯಾಸಿಟರಿನಂತೆ, ಸ್ಥಳದಲ್ಲೇ ಒದಗಿಸಿ ವೋಲ್ಟೇಜನ್ನು ಎತ್ತಿ ಹಿಡಿಯಬಲ್ಲವು.

ನಮ್ಮ ರಾಜ್ಯದಲ್ಲಿ 2014ರ ಸೂರ್ಯರೈತ ಯೋಜನೆಯಡಿ ಕನಕಪುರ ತಾಲ್ಲೂಕಿನ ಹಾರೋಬೆಲೆಯ ರೈತರು ಸೌರ ಪಂಪ್‌ಸೆಟ್ ಹಾಕಿಸಿ, ಮಿಕ್ಕ ಕರೆಂಟನ್ನು ಲೈನಿಗೆ ಕೊಡುವ ದಾರಿ ತೋರಿಸಿದರು. 2019ರಲ್ಲಿ ಕೇಂದ್ರದ ಕುಸುಮ್ ಯೋಜನೆ ಬಂತು.

"ಲೈನ್ ಹೋದರೆ ಸೋಲಾರೂ ಯಾಕೆ ನಿಲ್ತದ?" ಎಂದು ಕೇಳುವವರುಂಟು. ಲೈನಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಆಗ ನಿಲ್ಲಲೇಬೇಕು. ಇಲ್ಲವಾದರೆ ಕಂಬ ಏರಿದ ಲೈನ್‌ಮನ್ನಿನ ಜೀವಕ್ಕೇ ಕುತ್ತು. ಲೈನ್ ಇಲ್ಲದಾಗಲೂ ಊರು ನಡೆಯಬೇಕೆಂದರೆ ಬ್ಯಾಟರಿಯ ಜೊತೆಗೆ, ತಾನೇ ವೋಲ್ಟೇಜ್ ಮತ್ತು ಆವರ್ತನ ಕಟ್ಟುವ ಇನ್ವರ್ಟರ್ ಬೇಕು. ಹೊರಗಿನ ಲೈನಿನಿಂದ ಬೇರ್ಪಡಿಸುವ ಸ್ವಿಚ್ಚೂ ಬೇಕು.

ಆದ್ದರಿಂದ ಫಲಕ ಎಷ್ಟು ವ್ಯಾಟ್ ಎಂದು ಕೇಳಿ ಸುಮ್ಮನಾಗಬಾರದು. ಇನ್ವರ್ಟರ್ ಎಂಥದು, ಮೋಟರು ಚಾಲೂ ಆಗುವಾಗಿನ ಹೊರೆ ತಡೆಯುತ್ತದೆಯೇ, ಕೆಟ್ಟರೆ ರಿಪೇರಿ ಮಾಡುವವರು ಹತ್ತಿರ ಇದ್ದಾರೆಯೇ ಎಂದೂ ಕೇಳಬೇಕು. ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರೆ. ಸಾಲ ಮಾಡುವವರು ಇನ್ವರ್ಟರನ್ನೂ ಕಣ್ಬಿಟ್ಟು ನೋಡಬೇಕು. ಒಬ್ಬರಿಗೆ ಭಾರವಾದದ್ದು ಹತ್ತು ಜನ ಕೂಡಿದರೆ ಹಗುರ. ಸಹಕಾರ ಸಂಘ ಹುಟ್ಟಿದ್ದೇ ಇದಕ್ಕಾಗಿ.