ಬಿಟ್ಟ ಮೀನು, ಬರೆದಿಟ್ಟ ಲೆಕ್ಕ

1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಒಂದು ಇಂಗ್ಲಿಷ್ ಪುಸ್ತಕವನ್ನು ಹೊರತಂದಿತು. ಹೆಸರು ‘ದ ರಾಡ್ ಇನ್ ಇಂಡಿಯಾ’. ಇಪ್ಪತ್ತೊಂದು ವರ್ಷಗಳ ನಂತರ ಕಿಟ್ಟೆಲ್ಲರ ನಿಘಂಟನ್ನು ಕನ್ನಡಕ್ಕೆ ಕೊಟ್ಟದ್ದೂ ಇದೇ ಮಿಷನ್ನು. ಈ ಪುಸ್ತಕಕ್ಕೆ ಮಾತ್ರ ಧರ್ಮದ ಗೊಡವೆಯಿಲ್ಲ, ಭಾಷೆಯ ಗೊಡವೆಯೂ ಇಲ್ಲ. ಅದು ಗಾಳ ಹಾಕಿ ಮೀನು ಹಿಡಿಯುವುದರ ಬಗ್ಗೆ. ಬರೆದವರು ಮದರಾಸು ಸಿವಿಲ್ ಸರ್ವೀಸಿನ ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವರು. ಪುಸ್ತಕದ ನಾಯಕ ಮಹಶೀರ್. ಗಾಳಕ್ಕೆ ಸಿಕ್ಕಮೇಲೆ ಹೋರಾಡುವುದರಲ್ಲಿ ಈ ಮೀನು ತಮ್ಮ ನಾಡಿನ ಸಾಲ್ಮನ್ನನ್ನೂ ಮೀರಿಸುತ್ತದೆ ಎಂದು ಥಾಮಸ್ ವಾದಿಸಿದರು. ಭಾರತದ ನದಿಗಳಿಗೆ ಗಾಳ ಹಿಡಿದು ಬಂದ ಹವ್ಯಾಸಿಗಳು ಹಲವು ದಶಕ ಈ ಪುಸ್ತಕವನ್ನು ಕೈಪಿಡಿಯಂತೆ ಬಳಸಿದರು.

ಹಿಡಿದ ಮೀನನ್ನು ತಿನ್ನಬೇಕೋ ನೀರಿಗೆ ಬಿಡಬೇಕೋ ಎಂಬುದು ಇಂದು ಗಾಳ ಹಾಕುವವರ ನಡುವಿನ ಬಿಸಿ ಚರ್ಚೆ. ಥಾಮಸರ ಕಾಲದಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ. ದೊಡ್ಡ ಮೀನು ಸಿಕ್ಕರೆ ದಡಕ್ಕೆಳೆದು ತೂಗುವುದು, ತೂಕವನ್ನು ಬರೆದಿಡುವುದು, ಸಾಧ್ಯವಾದರೆ ಗೋಡೆಗೆ ಏರಿಸುವುದು ರೂಢಿ. ಥಾಮಸರಿಗಿದ್ದ ಚಿಂತೆ ಬೇರೆ. ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ 1870ರಲ್ಲಿ ಅವರ ವರದಿಯೊಂದು ಪ್ರಕಟವಾಗಿತ್ತು. ಮೀನು ಜನರ ಆಹಾರ, ಮರಿಗಳನ್ನೇ ಬಾಚಿದರೆ ನಾಳೆಗೆ ಉಳಿಯುವುದಿಲ್ಲ ಎಂಬುದು ಅವರ ಕಳವಳ. ಫ್ರಾನ್ಸಿಸ್ ಡೇ ಅವರ 1873ರ ವರದಿಯದ್ದೂ ಹೆಚ್ಚುಕಡಿಮೆ ಇದೇ ದನಿ. ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕಾ ಕಾಯ್ದೆ ಬಂತು. ಸಿಡಿಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವುದು ಅಪರಾಧವಾಯಿತು. ಹಿಡಿಯುವುದನ್ನು ಆ ಕಾಯ್ದೆ ತಪ್ಪೆನ್ನಲಿಲ್ಲ, ಹಿಡಿಯುವ ಬಗೆಯನ್ನು ಪ್ರಶ್ನಿಸಿತು.

ಗಾಳದ ಮೋಜು ಬ್ರಿಟಿಷರ ಜತೆಗೆ ಹಡಗಿನಿಂದ ಇಳಿದದ್ದು ಎಂದುಕೊಳ್ಳಬೇಕಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನ್ನಿಸಿ ಪಳಗಿಸಬೇಕು, ಗಾಳದ ಕೋಲು ಮತ್ತು ದಾರ ಹೇಗಿರಬೇಕು ಎಂಬುದೆಲ್ಲ ಅಲ್ಲಿ ಬರುತ್ತದೆ. ಅದೇ ಗ್ರಂಥದ ‘ಅನ್ನಭೋಗ’ದಲ್ಲಿ ಮೀನಿನ ಅಡುಗೆಯೂ ಇದೆ. ಅಡುಗೆ ಮೂರನೆಯ ವಿಂಶತಿಯಲ್ಲಿ, ಅಂದರೆ ರಾಜನ ಉಪಭೋಗಗಳ ಪಟ್ಟಿಯಲ್ಲಿ. ಗಾಳ ನಾಲ್ಕನೆಯದರಲ್ಲಿ, ಆನೆ ಕುದುರೆ ಮಲ್ಲಯುದ್ಧ ಗೀತ ನೃತ್ಯಗಳ ಸಾಲಿನಲ್ಲಿ. ಮೀನು ಹಿಡಿಯುವ ಸುಖ ಬೇರೆ, ತಿನ್ನುವ ಸುಖ ಬೇರೆ ಎಂಬುದು ಕಲ್ಯಾಣದ ಅರಮನೆಗೆ ಗೊತ್ತಿತ್ತು. ಆದರೆ ಒಂದನ್ನು ಒಪ್ಪಿದವರು ಇನ್ನೊಂದನ್ನು ಬಿಡಬೇಕೆಂದು ಅದಕ್ಕೆ ಅನಿಸಿರಲಿಲ್ಲ.

ನಮ್ಮ ನದಿಗಳ ದಂಡೆಯಲ್ಲಿ ಮೂರನೆಯ ಬಗೆಯೊಂದೂ ಬೆಳೆದಿತ್ತು. ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ, ಬರೀ ಉಣಿಸುವುದು. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ಕಪಿಲೆಯ ದಂಡೆಯ ಶಿಶಿಲದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ಜನ ಮಂಡಕ್ಕಿ, ಅಕ್ಕಿ ಹಾಕಿ ಮೀನುಗಳನ್ನು ನೋಡುತ್ತಾರೆ. ಅವು ದೇವರ ಮೀನುಗಳು, ಅವನ್ನು ಯಾರೂ ಮುಟ್ಟುವುದಿಲ್ಲ. ಈ ನಿಯಮ ಮೀನಿಗೆ ಅಂಟಿದ್ದಲ್ಲ, ಜಾಗಕ್ಕೆ ಅಂಟಿದ್ದು. ಕ್ಷೇತ್ರದ ಮಡುವಿನಲ್ಲಿ ಪವಿತ್ರವಾದ ಮೀನು ನಾಲ್ಕು ಮೈಲಿ ಕೆಳಗೆ ಈಜಿದರೆ ಯಾರದ್ದೋ ಮನೆಯ ಸಾರಾಗಬಹುದಿತ್ತು. ಅದರಲ್ಲಿ ಯಾರಿಗೂ ದ್ವಂದ್ವ ಕಾಣಲಿಲ್ಲ. ನದಿಯ ಒಂದು ತುಂಡನ್ನು ಬಿಟ್ಟುಕೊಡುವುದು, ಉಳಿದುದರಲ್ಲಿ ಬದುಕುವುದು ಎಂಬ ಒಪ್ಪಂದ ಅದು.

ಹಿಡಿದ ಮೀನನ್ನು ಬೇಕೆಂದೇ ಬಿಡುವ ನೀತಿ ಇಲ್ಲಿಗೆ ಬಂದದ್ದು ಇವುಗಳಲ್ಲಿ ಯಾವುದರಿಂದಲೂ ಅಲ್ಲ. ಅದನ್ನು ಜನಪ್ರಿಯಗೊಳಿಸಿದ ದೊಡ್ಡ ಹೆಸರು ಅಮೆರಿಕದ ಲೀ ವುಲ್ಫ್. ಗಾಳಕ್ಕೆ ಬೀಳುವ ಒಳ್ಳೆಯ ಮೀನು ಒಂದೇ ಸಲ ಹಿಡಿದು ಮುಗಿಸುವಷ್ಟು ಅಗ್ಗದ್ದಲ್ಲ ಎಂಬ ಅರ್ಥದ ಮಾತನ್ನು ಅವರು 1939ರಲ್ಲಿ ಬರೆದರು. ಅದು ಕರುಣೆಯ ಮಾತಲ್ಲ, ಮಿತವ್ಯಯದ ಮಾತು. ಹತ್ತು ಜನಕ್ಕೆ ಖುಷಿ ಕೊಡಬಲ್ಲ ಮೀನನ್ನು ಒಬ್ಬನೇ ಮುಗಿಸಬಾರದು ಎಂಬ ಲೆಕ್ಕಾಚಾರ.

ಆ ಮಾತು ಕಾವೇರಿಯವರೆಗೆ ಬರಲು ನಾಲ್ಕು ದಶಕ ಬೇಕಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಹಿಡಿದರು. ಮಹಾರಾಜರ ಸತ್ತ ಹುಲಿಗಳನ್ನು ಜೀವಂತವೆಂಬಂತೆ ಸಜ್ಜುಗೊಳಿಸಿ ನಿಲ್ಲಿಸುತ್ತಿದ್ದ ಮನೆತನ ಅದು. ಸ್ವಾತಂತ್ರ್ಯದ ನಂತರ ಆ ಗಾತ್ರದ ಮೀನು ಮುಗಿದೇಹೋಯಿತು ಎಂಬ ಭಾವನೆ ಹೊರಗಿನವರಲ್ಲಿ ಬೆಳೆಯಿತು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಕೆಲವು ಯುವಕರ ತಂಡ ಕಾವೇರಿಯಲ್ಲಿ ಇನ್ನೂ ಭಾರೀ ಮೀನುಗಳಿವೆ ಎಂದು ತೋರಿಸಿತು. ಅಲ್ಲಿಂದ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಹೆಸರು ವಿದೇಶಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿ ಶಿಬಿರಗಳನ್ನು ನಡೆಸಿತು. ನಿಯಮ ಒಂದೇ: ಹಿಡಿ, ತೂಗು, ಫೋಟೋ ತೆಗೆಸಿಕೋ, ಬಿಡು.

ದೂರದೇಶದ ಈ ಆಟ ಇಲ್ಲಿ ಪೂರ್ತಿ ಸ್ಥಳೀಯ ರೂಪ ತಾಳಿತು. ಗಾಳದ ಕೊಕ್ಕೆಗೆ ಸಿಕ್ಕಿಸುತ್ತಿದ್ದದ್ದು ಬೇಯಿಸಿದ ರಾಗಿಹಿಟ್ಟಿನ ಉಂಡೆ. ಬಂಡೆಗಳ ಸಂದಿಯಲ್ಲಿ ದಾರ ಸಿಕ್ಕಿಕೊಂಡರೆ ಮೀನಿನ ಹಿಂದೆ ಹೋಗಲು ತೆಪ್ಪ. ತೆಪ್ಪ ನಡೆಸುವವರು, ಮಡುಗಳ ಆಳ ಬಲ್ಲವರು ಅದೇ ದಂಡೆಯ ಹಳ್ಳಿಗಳವರು. ಹಿಂದೆ ಸಿಡಿಮದ್ದು ಎಸೆದು ಮೀನು ಬಾಚುತ್ತಿದ್ದವರಲ್ಲಿ ಕೆಲವರು ಈಗ ಅದೇ ಮೀನಿನ ಕಾವಲುಗಾರರಾದರು. ಸತ್ತ ಮೀನು ಒಂದು ದಿನದ ಸಂತೆಗೆ, ಬದುಕಿದ ಮೀನು ವರ್ಷವಿಡೀ ಸಂಬಳಕ್ಕೆ. ಬಿಡುವ ನೀತಿಯ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿಲ್ಲ.

ಆದರೆ ಇದರ ಮಗ್ಗುಲಲ್ಲೇ ಒಂದು ಮುಳ್ಳೂ ಇತ್ತು. ಹೊಟ್ಟೆಗೆಂದು ಬಲೆ ಬೀಸಿದವನು ಕಳ್ಳ, ಖುಷಿಗೆಂದು ಗಾಳ ಎಸೆದವನು ಅತಿಥಿ. ಬೆಸ್ತರ ಹುಡುಗನೊಬ್ಬನಿಗೆ ಈ ವ್ಯತ್ಯಾಸವನ್ನು ಹೇಗೆ ವಿವರಿಸುವುದು? ‘ಅವರು ಬಿಡುತ್ತಾರೆ, ನೀನು ತಿನ್ನುತ್ತೀಯ’ ಎಂದರೆ, ಬಿಡುವ ಶಕ್ತಿ ಇರುವುದು ತಿನ್ನುವ ಅಗತ್ಯ ಇಲ್ಲದವರಿಗೆ ಎಂದು ಅವನು ಉತ್ತರಿಸಬಹುದು. ಬಿಡುವುದನ್ನು ಒಂದು ಸದ್ಗುಣವೆಂದು ಹೇಳುವವರು ಈ ಉತ್ತರವನ್ನು ಕೇಳಿಸಿಕೊಂಡೇ ಮುಂದೆ ಹೋಗಬೇಕು.

ಮೀನಿನ ಕಡೆಯಿಂದಲೂ ಒಂದು ಆಕ್ಷೇಪವಿದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಬಾಯಿಯ ಸುತ್ತ ನೋವನ್ನು ಗ್ರಹಿಸುವ ನರತಂತುಗಳಿರುವುದನ್ನು ತೋರಿಸಿದರು. ಜರ್ಮನಿಯ ಪ್ರಾಣಿರಕ್ಷಣಾ ಕಾಯ್ದೆಯ ಪ್ರಕಾರ ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡುವಂತಿಲ್ಲ. ತಿನ್ನುವುದು ಅಲ್ಲಿ ಸಕಾರಣ, ಮೋಜು ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2009ರಿಂದ, ಬಿಡಬೇಕೆಂಬ ಉದ್ದೇಶದಿಂದಲೇ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ಭೀಮೇಶ್ವರಿಯಲ್ಲಿ ಕಡ್ಡಾಯವಾಗಿದ್ದ ನಡತೆ ಜ್ಯೂರಿಚ್‌ನಲ್ಲಿ ಅಪರಾಧ. ಎರಡೂ ಕಡೆಯವರು ತಾವು ಮೀನಿನ ಪರ ಎಂದೇ ನಂಬಿದ್ದಾರೆ.

ನಮ್ಮ ಕಾನೂನು ಬೇರೆ ದಾರಿಯಿಂದ ಬಂದು ಅದೇ ಜಾಗಕ್ಕೆ ಮುಟ್ಟಿತು. ಈ ಶಿಬಿರಗಳಿದ್ದ ನದಿಪಾತ್ರ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ, ಸೆರೆಹಿಡಿಯುವುದು, ಆಮಿಷವೊಡ್ಡುವುದೂ ಅದರೊಳಗೆ ಬರುತ್ತದೆ. ಹಾಗಾದರೆ ರಾಗಿಯುಂಡೆ ಆಮಿಷವಲ್ಲದೆ ಮತ್ತೇನು? 2012ರ ಹೊತ್ತಿಗೆ ಅಲ್ಲಿ ಗಾಳದ ಆಟ ನಿಂತಿತು. ಗಾಳ ಹೋದರೆ ಕಾವಲೂ ಹೋಗುತ್ತದೆ, ಸಿಡಿಮದ್ದು ಮರಳುತ್ತದೆ ಎಂದು ಹವ್ಯಾಸಿಗಳು ಎಚ್ಚರಿಸಿದರು. ಅಭಯಾರಣ್ಯ ಆಟದ ಮೈದಾನವಲ್ಲ ಎಂದು ವಿರೋಧಿಗಳು ಹೇಳಿದರು.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಜಗಳವಲ್ಲ, ಶಿಬಿರದಲ್ಲಿ ಉಳಿದ ಪುಸ್ತಕಗಳು. ಗಾಳಿಬೋರೆಯಲ್ಲಿ ಬಂದವರೆಲ್ಲರ ಗಾಳದ ಲೆಕ್ಕ ಬರೆದಿಡುತ್ತಿದ್ದರು: ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಗೆಯ ಮೀನು, ಎಷ್ಟು ಪೌಂಡು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 1998ರಿಂದ 2012ರವರೆಗಿನ ಆ ಲೆಕ್ಕವನ್ನು ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳ, ಹಿಡಿದು ಬಿಟ್ಟ 6,161 ಮಹಶೀರ್‌ಗಳು. ಅತಿ ದೊಡ್ಡದು 104 ಪೌಂಡು. ಜಂಬದಿಂದ ಬರೆದಿಟ್ಟ ತೂಕಗಳು ಹೀಗೆ ನದಿಯೊಂದರ ದಫ್ತರವಾದವು.

ಆ ದಫ್ತರ ಹೇಳಿದ ಕತೆ ಯಾರೂ ನಿರೀಕ್ಷಿಸಿದ್ದಲ್ಲ. ಮೇಲ್ನೋಟಕ್ಕೆ ಮಹಶೀರ್‌ಗಳ ಸಂಖ್ಯೆ ಏರುತ್ತಿತ್ತು. ಬಿಡುವ ನೀತಿ ಗೆದ್ದಿತೆನ್ನಲು ಅಷ್ಟು ಸಾಕಿತ್ತು. ಆದರೆ ಏರುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ಸೈಕ್ಸ್ ಅದನ್ನು ವರ್ಣಿಸಿದ್ದು ಪುಣೆಯ ಹೊಳೆಗಳಿಂದ. ಮಹಶೀರನ್ನು ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ, ಟಾಟಾ ವಿದ್ಯುತ್ ಕಂಪನಿಯ ಲೋಣಾವಳದ ಕೇಂದ್ರದಲ್ಲಿ ಅದರ ಮರಿಗಳನ್ನು ಬೆಳೆಸಿ ದೇಶದ ಹಲವು ನದಿಗಳಿಗೆ ಹಂಚಿದರು. ಕಾವೇರಿಗೂ ಅವು ಬಂದವು. ಅದೇ ಹೊತ್ತಿನಲ್ಲಿ ಕಾವೇರಿಯ ಸ್ವಂತದ್ದಾದ, ಡುಬ್ಬ ಇರುವ, ದಾಖಲೆಯ ಗಾತ್ರಕ್ಕೆ ಬೆಳೆಯುವ ಮಹಶೀರ್ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿತ್ತು. ಸಿಕ್ಕವು ಹೆಚ್ಚು ಹೆಚ್ಚು ದೊಡ್ಡವು. ಹಿಡಿದವನಿಗೆ ಅದು ಹಬ್ಬ. ಲೆಕ್ಕ ಓದಿದವನಿಗೆ ಸಾವಿನ ಸೂಚನೆ, ಏಕೆಂದರೆ ಬರೀ ಮುದುಕರಿರುವ ಊರಿನಲ್ಲಿ ಮಕ್ಕಳು ಹುಟ್ಟುತ್ತಿಲ್ಲ ಎಂದರ್ಥ.

ಇನ್ನೂ ಒಂದು ಸಂಗತಿ. ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಗಾಳಗಾರರನ್ನು ಕರೆಸಿಕೊಂಡ ಈ ಡುಬ್ಬದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕು ‘ಟಾರ್ ರೆಮಾದೇವಿ’ ಎಂದು ಹೆಸರು ಪಡೆದಿದ್ದ ಮೀನೇ ಇದು ಎಂದು 2018ರಲ್ಲಿ ಸ್ಪಷ್ಟವಾಯಿತು. ಪಾಂಬಾರ್ ಕೂಡ ಕಾವೇರಿಯ ಬಳಗದ್ದೇ. ಅದೇ ವರ್ಷ ಐಯುಸಿಎನ್ ಕೆಂಪುಪಟ್ಟಿ ಅದನ್ನು ‘ತೀವ್ರ ಅಪಾಯದಲ್ಲಿರುವ’ ಜೀವಿಯೆಂದು ಗುರುತಿಸಿತು. ನಾಮಕರಣವೂ ತುರ್ತುಚಿಕಿತ್ಸೆಯೂ ಒಂದೇ ಸಲ.

ಹಾಗಾದರೆ ತಿನ್ನಬೇಕೋ, ಬಿಡಬೇಕೋ? ‘ಮೀನು’ ಎಂಬ ಒಂದೇ ಪದ ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರಿಸಲಾಗದು ಎಂಬುದೇ ಕಾವೇರಿಯ ಪಾಠ ಎಂದು ನನಗನಿಸುತ್ತದೆ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯ, ನಮ್ಮವರು ಜಿಲೇಬಿ ಎನ್ನುವ ಮೀನು, ಗಾಳಕ್ಕೆ ಬಿದ್ದರೆ ಅದನ್ನು ಮರಳಿ ನೀರಿಗೆ ಬಿಡುವುದರಲ್ಲಿ ಪುಣ್ಯವೇನೂ ಇಲ್ಲ. ಮನೆಗೊಯ್ದು ಹುಳಿ ಮಾಡಿಕೊಳ್ಳುವುದೇ ನದಿಗೆ ಮಾಡುವ ಉಪಕಾರ. ಡುಬ್ಬದ ಮಹಶೀರಾದರೆ ತಿನ್ನುವ ಮಾತು ಹಾಗಿರಲಿ, ಸುಖಕ್ಕಾಗಿ ಕೊಕ್ಕೆ ಹಾಕುವುದೂ ಈಗ ದುಬಾರಿ. ಇವೆರಡರ ನಡುವೆ ಇರುವ ನೂರಾರು ಮೀನುಗಳ ವಿಷಯದಲ್ಲಿ, ಊಟಕ್ಕೆ ಬೇಕಾದಷ್ಟು ಹಿಡಿದು ತಿನ್ನುವ ದಂಡೆಯ ಮನುಷ್ಯ, ಐವತ್ತು ಮೀನು ಹಿಡಿದು ಐವತ್ತನ್ನೂ ಬಿಡುವ ಪ್ರವಾಸಿಗಿಂತ ಕೆಟ್ಟವನು ಎಂದು ನಾನು ಒಪ್ಪಲಾರೆ.

ಬಿಟ್ಟ ಮಾತ್ರಕ್ಕೆ ಮೀನು ಉಳಿಯುವುದಿಲ್ಲ. ಅದು ಮೊಟ್ಟೆಯಿಡಲು ಹರಿವ ನೀರು, ಕಲ್ಲು-ಮರಳಿನ ತಳ, ದಾಟಿಹೋಗಲು ತೆರೆದ ದಾರಿ ಬೇಕು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು, ಹೊರಗಿನಿಂದ ತಂದುಬಿಟ್ಟ ಮರಿಗಳು, ಇವುಗಳಲ್ಲಿ ಒಂದನ್ನೂ ಗಾಳದ ಕೊಕ್ಕೆ ಬಿಡಿಸಿ ತೆಗೆಯಲಾಗದು. ಗಾಳಿಬೋರೆಯಲ್ಲಿ ಬಿಟ್ಟ ಆರು ಸಾವಿರ ಚಿಲ್ಲರೆ ಮೀನುಗಳು ಡುಬ್ಬದ ಮಹಶೀರಿನ ಕುಸಿತವನ್ನು ತಡೆಯಲಿಲ್ಲ. ಆದರೆ ಅವನ್ನು ಬಿಡುವ ಮೊದಲು ಯಾರೋ ಪ್ರತಿಸಲವೂ ಪೆನ್ನು ಹಿಡಿದು ಬಗೆ, ತೂಕ, ಹೊತ್ತು ಬರೆದರಲ್ಲ, ಅದು ಆ ಕುಸಿತವನ್ನು ನಮಗೆ ತೋರಿಸಿತು.

2012ರ ನಂತರ ಆ ಪುಸ್ತಕದ ಪುಟಗಳು ಖಾಲಿ. ದಂಡೆಯ ಹಳ್ಳಿಗಳಲ್ಲಿ, ಸಂತೆಗಳಲ್ಲಿ, ಬೆಸ್ತರ ಮನೆಗಳಲ್ಲಿ ದಿನವೂ ಮೀನು ಕೈದಾಟುತ್ತದೆ, ತಕ್ಕಡಿ ಏರುತ್ತದೆ, ಸಾರಾಗುತ್ತದೆ. ಅದಕ್ಕೊಂದು ಪುಸ್ತಕವಿಲ್ಲ. ಬಿಡುವವರ ಲೆಕ್ಕ ಒಂದು ಮೀನಿನ ಚರಿತ್ರೆಯಾಗಬಲ್ಲದಾದರೆ, ತಿನ್ನುವವರ ಲೆಕ್ಕವೂ ಆಗಬಲ್ಲದು. ಯಾವ ಹಳ್ಳಿಯ ಯಾವ ಮಡುವಿನಲ್ಲಿ ಕಳೆದ ವಾರ ಯಾವ ಮೀನು ಸಿಕ್ಕಿತು, ಎಷ್ಟು ತೂಗಿತು ಎಂದು ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸ ಬಾಕಿ ಇದೆ.